ತಿಂಗಳ ಲೆಕ್ಕ

ನನ್ನ ತವರು ಮಾನವಿ. ಸೇರಿದ ಮನೆ ದೇವದುರ್ಗ. ಅನ್ನಕ್ಕೆ ದಾರಿಯಾದದ್ದು ರಾಯಚೂರು. ಈ ಮೂರು ಊರುಗಳ ನಡುವೆ ಓಡಾಡುವ ಬಸ್ಸುಗಳಲ್ಲಿ ನನ್ನ ಆಯುಷ್ಯದ ಒಂದು ದೊಡ್ಡ ಪಾಲು ಸವೆದುಹೋಗಿದೆ. ಹೆಂಗಸರು ಮನೆಯಲ್ಲಿ ಆಡಲಾರದ ಮಾತನ್ನು ಬಸ್ಸಿನಲ್ಲಿ ಆಡುತ್ತಾರೆಂಬುದು ಆ ಓಡಾಟದಿಂದ ನಾನು ಕಂಡುಕೊಂಡ ಸಂಗತಿ. ಕಳೆದ ಮಾಗಿಯಲ್ಲಿ ದೇವದುರ್ಗದಿಂದ ಬರುತ್ತಿದ್ದೆ. ಹತ್ತಿ ಬಿಡಿಸುವ ಕಾಲ. ನನ್ನ ಮುಂದಿನ ಆಸನದಲ್ಲಿ ಎಳೆಯ ಹೆಂಗಸೊಬ್ಬಳು ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡು ಕುಳಿತಿದ್ದಳು. ಪಕ್ಕದಲ್ಲಿದ್ದಾಕೆ ಅವಳ ಅತ್ತೆಯಿರಬೇಕು.

“ಏನವ್ವಾ, ತಿಂಗಳಾ ನಿಂತಾದೇನು?” ಎಂದು ಆಚೆ ಕಡೆಯ ಹಿರಿಯಳೊಬ್ಬಳು ಕೇಳಿದಳು.

“ಇಲ್ರೀ ಅಮ್ಮಾ, ಬರೋ ಹೊತ್ತಾಗ್ಯಾದ. ಅದಕ್ಕ ಮೈ ಭಾರ ಅದ,” ಎಂದಳು ಹುಡುಗಿ.

“ಮಾರಿ ನೋಡಿದ್ರ ಗೊತ್ತಾಗತದ. ಇದು ಅದಲ್ಲ ಬಿಡು.”

ಅಲ್ಲಿಗೆ ವಿಚಾರಣೆ ಪ್ರಾರಂಭವಾಯಿತು. ಕಣ್ಣಿನ ಕೆಳಗಿನ ಕಪ್ಪು, ಎದೆಯ ಬಿಗಿತ, ಸೊಂಟದ ನೋವು, ಹುಣಿಸೆಯ ಮೇಲಿನ ಆಸೆ, ಬೆಳಿಗ್ಗೆ ಚಹಾ ಸೇರದಿರುವುದು, ಎಲ್ಲವೂ ಸಾಕ್ಷಿಗಳಾಗಿ ಬಂದವು. ಬಸ್ಸು ಗಬ್ಬೂರನ್ನು ದಾಟುವಷ್ಟರಲ್ಲಿ ಐವರು ನ್ಯಾಯಾಧೀಶೆಯರಲ್ಲಿ ಮೂವರು ಬಸುರೆಂದೂ ಇಬ್ಬರು ಮುಟ್ಟೆಂದೂ ತೀರ್ಪಿತ್ತರು. ಆ ಹುಡುಗಿ ಕೊನೆಯ ಸಲ ಹೊರಗಾದದ್ದು ಯಾವ ದಿನ ಎಂದು ಮಾತ್ರ ಐವರಲ್ಲಿ ಒಬ್ಬರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ, ಹಿಂದೆ ಕುಳಿತಿದ್ದ ನಾನೂ ಬಾಯಿ ಬಿಡಲಿಲ್ಲ.

ಇಂಥ ವಿಷಯವನ್ನು ಸಾಹಿತ್ಯದ ಪುಟಕ್ಕೆ ತಂದೆನೆಂದು ಹುಬ್ಬೇರಿಸುವ ವಾಚಕರಿದ್ದರೆ ಅವರಲ್ಲಿ ಕ್ಷಮೆ ಬೇಡುತ್ತೇನೆ. ನಾನು ವೈದ್ಯಳಲ್ಲ, ನಿವೃತ್ತಳಾದ ಕನ್ನಡದ ಅಧ್ಯಾಪಿಕೆ. ಆದರೆ ಲಕ್ಷಣಗಳನ್ನು ಓದುವುದು, ಅರ್ಥ ಹೇಳುವುದು ನನ್ನ ವೃತ್ತಿಯಾಗಿತ್ತು. ಒಂದೇ ಲಕ್ಷಣಕ್ಕೆ ಎರಡು ಅರ್ಥಗಳಿದ್ದಾಗ ಪಂಡಿತರು ಎಂಥ ಪ್ರಮಾದಗಳನ್ನು ಎಸಗಬಲ್ಲರೆಂಬುದನ್ನು ತರಗತಿಯಲ್ಲಿ ಕಂಡವಳು. ಹೆಣ್ಣಿನ ದೇಹದ ವಿಷಯದಲ್ಲಿ ಅದೇ ಪ್ರಮಾದ ನಮ್ಮ ಮನೆಮನೆಗಳಲ್ಲಿ ನಡೆಯುತ್ತಿದೆ.

ಸಂಗತಿಯನ್ನು ಸರಳವಾಗಿ ಹೇಳುವುದಾದರೆ ಹೀಗಿದೆ. ಮುಟ್ಟು ಬರುವುದಕ್ಕೆ ಸುಮಾರು ಎರಡು ವಾರ ಮೊದಲು ಅಂಡಾಶಯದಿಂದ ಒಂದು ಅಂಡಾಣು ಹೊರಬೀಳುತ್ತದೆ. ಅದು ಹೊರಬಿದ್ದ ಎಡೆಯಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಬಣ್ಣದ ಪುಟ್ಟ ಗಂಟೊಂದು ಉಳಿದು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಎದೆ ಬಿಗಿದು ನೋಯುವುದು, ಹೊಟ್ಟೆ ಉಬ್ಬರಿಸುವುದು, ಮಲಬದ್ಧತೆ, ಮೈಯ ಜಡತೆ, ಕಾರಣವಿಲ್ಲದೆ ಕಣ್ಣು ತುಂಬಿಬರುವುದು, ಇವುಗಳಲ್ಲಿ ಬಹುಪಾಲು ಈ ಹಾರ್ಮೋನಿನ ಏರಿಳಿತದ ಫಲ. ಗರ್ಭ ನಿಲ್ಲದಿದ್ದರೆ ಆ ಗಂಟು ಎರಡು ವಾರಗಳಲ್ಲಿ ಬಾಡುತ್ತದೆ, ಹಾರ್ಮೋನಿನ ಮಟ್ಟ ಕುಸಿಯುತ್ತದೆ, ಮುಟ್ಟು ಬರುತ್ತದೆ. ಗರ್ಭ ನಿಂತರೆ ಆ ಭ್ರೂಣ, ಅಂಡಾಣು ಹೊರಬಿದ್ದ 6ರಿಂದ 12 ದಿನಗಳೊಳಗೆ ಗರ್ಭಕೋಶದ ಗೋಡೆಗೆ ಅಂಟಿಕೊಂಡು, ಎಚ್‌ಸಿಜಿ ಎಂಬ ಇನ್ನೊಂದು ಹಾರ್ಮೋನನ್ನು ಕಳಿಸಿ, ಬಾಡದಿರೆಂದು ಆ ಗಂಟಿಗೆ ಆಜ್ಞೆ ಮಾಡುತ್ತದೆ. ಆಗ ಪ್ರೊಜೆಸ್ಟೆರಾನ್ ಇಳಿಯುವುದಿಲ್ಲ. ಅದೇ ಎದೆನೋವು, ಅದೇ ಉಬ್ಬರ, ಅದೇ ಜಡತೆ ಮುಂದುವರಿಯುತ್ತವೆ. ಅಂದರೆ ಮುಟ್ಟಿನ ದಿನ ಬರುವವರೆಗೂ ಬಸುರಿಯ ದೇಹ, ಮುಟ್ಟಾಗಲಿರುವವಳ ದೇಹ ಎರಡೂ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. ಹೊರಗಿನಿಂದ ನೋಡುವ ಅತ್ತೆಗೆ ಹೋಗಲಿ, ಒಳಗಿನಿಂದ ಅನುಭವಿಸುವ ಸೊಸೆಗೂ ಅದರ ಭೇದ ತಿಳಿಯಲಾರದು. ಐದು ಹೆತ್ತವಳ ಅನುಭವವೂ ಇಲ್ಲಿ ಊಹೆಯೇ.

ಊಹೆ ಹೊಸದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಆಗತಾನೇ ಗರ್ಭ ಧರಿಸಿದವಳ ಲಕ್ಷಣಗಳನ್ನು ಹೇಳುವಾಗ ಆಯಾಸ, ಬಾಯಾರಿಕೆ, ತೊಡೆಗಳ ಬಳಲಿಕೆಗಳನ್ನು ಎಣಿಸಲಾಗಿದೆ. ಪ್ರಾಚೀನರ ಸೂಕ್ಷ್ಮದೃಷ್ಟಿಗೆ ನನ್ನ ನಮಸ್ಕಾರ. ಆದರೆ ಮಾನವಿಯ ನೀರಾವರಿ ಗದ್ದೆಯಲ್ಲಿ ಬೆಳಗಿನಿಂದ ಬಾಗಿ ನೆಲ್ಲು ಹಚ್ಚಿದವಳಿಗೂ ದೇವದುರ್ಗದ ಕರಿನೆಲದಲ್ಲಿ ಹತ್ತಿ ಬಿಡಿಸಿದವಳಿಗೂ ಸಂಜೆಯ ಹೊತ್ತಿಗೆ ಈ ಮೂರೂ ಇರುತ್ತವೆ. ಆ ಲಕ್ಷಣಗಳಿಂದಲೇ ನಿರ್ಣಯಿಸುವುದಾದರೆ ಎಡೆದೊರೆ ನಾಡಿನ ಅಜ್ಜಿಯರೂ ಬಸುರಿಯರೇ ಸರಿ.

ಕವಿಗಳಂತೂ ಇನ್ನೂ ಮುಂದೆ ಹೋದರು. ಕಾಳಿದಾಸನ ರಘುವಂಶದಲ್ಲಿ ಸುದಕ್ಷಿಣೆ ಮಣ್ಣು ತಿನ್ನುತ್ತಾಳೆ. ರಾಜ ದಿಲೀಪ ಆ ಮಣ್ಣಿನ ಕಂಪುಳ್ಳ ಮುಖವನ್ನು ಏಕಾಂತದಲ್ಲಿ ಆಘ್ರಾಣಿಸಿಯೂ ತಣಿಯುವುದಿಲ್ಲ. ಎಷ್ಟು ಮನೋಹರವಾದ ಚಿತ್ರ! ನಮ್ಮ ಸೀಮೆಯಲ್ಲಿಯೂ ಹೆಂಗಸರು ಕೆಮ್ಮಣ್ಣು, ಬಳಪ, ಹಸಿ ಅಕ್ಕಿಗಳನ್ನು ಮರೆಯಲ್ಲಿ ತಿನ್ನುವುದುಂಟು. ಇಂದಿನ ವೈದ್ಯರು ಇದನ್ನು ಕಂಡರೆ ಶ್ಲೋಕ ಕಟ್ಟುವುದಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಈ ಚಟ ಬಸುರಿಯಲ್ಲದವಳಲ್ಲಿಯೂ ಕಬ್ಬಿಣದ ಕೊರತೆಯೊಡನೆ ಮತ್ತೆ ಮತ್ತೆ ಕಾಣಿಸಿಕೊಳ್ಳುವಂಥದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಹಾಗಿರುವಾಗ ಬಿಳಿಚಿದ ಮುಖ, ತಲೆಸುತ್ತು, ಮಣ್ಣಿನ ಬಯಕೆಗಳಿಂದ ಬಸುರನ್ನು ಓದುವುದು ಹೇಗೆ?

ಸಿನಿಮಾದವರ ಮಾತೇ ಬೇರೆ. ನಾಯಿಕೆ ಬವಳಿ ಬಂದು ಬೀಳುತ್ತಾಳೆ. ಡಾಕ್ಟರು ಬಂದು ನಾಡಿ ಹಿಡಿದು ಮುಗುಳ್ನಗುತ್ತಾರೆ. ಹೊರಗೆ ಬಂದು ಶುಭ ಸಮಾಚಾರ ಹೇಳುತ್ತಾರೆ. ನಾಡಿ ಹಿಡಿದು ಹೊಸ ಬಸುರನ್ನು ನಿಶ್ಚಯಿಸಬಲ್ಲ ಡಾಕ್ಟರನ್ನು ನಾನಂತೂ ತೆರೆಯ ಹೊರಗೆ ಕಂಡಿಲ್ಲ. ವಾಕರಿಕೆ ಸಾಮಾನ್ಯವಾಗಿ ತೊಡಗುವುದು ಕೊನೆಯ ಮುಟ್ಟಿನಿಂದ ಐದಾರು ವಾರಗಳು ಕಳೆದ ಮೇಲೆ; ಅಂದರೆ ದಿನ ತಪ್ಪಿ ಒಂದೆರಡು ವಾರವಾದ ಮೇಲೆ. ಕೆಲವರಿಗೆ ಅದು ಬರುವುದೇ ಇಲ್ಲ. ವಾಂತಿಯಿಲ್ಲದ್ದರಿಂದ ಬಸುರಿಲ್ಲವೆಂದು ನಂಬಿ ನಾಲ್ಕು ತಿಂಗಳು ಕಳೆದವರನ್ನು ನಾನು ಬಲ್ಲೆ.

ಇಷ್ಟು ಲಘುವಾಗಿ ಬರೆದೆ. ಈಗ ಹೇಳಬೇಕಾದುದು ಲಘುವಲ್ಲ.

ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿನಿಯೊಬ್ಬಳು ಮಾನವಿ ತಾಲೂಕಿನ ಹಳ್ಳಿಯವಳು. ಬಿ.ಎ. ಕೊನೆಯ ವರ್ಷದಲ್ಲಿರುವಾಗಲೇ ಮದುವೆಯಾಯಿತು. ಆ ವರ್ಷದ ಅವರಾತ್ರಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಅವಳಿಗೆ ಮೈ ಭಾರವಾಯಿತು, ಸೊಂಟ ನೋಯಿತು, ಎರಡು ದಿನ ಅಲ್ಪಸ್ವಲ್ಪ ರಕ್ತ ಕಾಣಿಸಿತು. ಮುಟ್ಟೆಂದು ಅವಳೂ ತಿಳಿದಳು, ಮನೆಯವರೂ ತಿಳಿದರು. ಬಸುರಿಯರಲ್ಲಿ ನಾಲ್ವರಿಗೊಬ್ಬರಂತೆ ಮೊದಲ ಮೂರು ತಿಂಗಳಲ್ಲಿ ಸ್ವಲ್ಪವಾದರೂ ರಕ್ತ ಕಾಣಿಸಿಕೊಳ್ಳುವುದೆಂದು ಅವರಿಗೆ ಯಾರು ಹೇಳಬೇಕು? ಮುಂದಿನ ತಿಂಗಳು ಶಿವರಾತ್ರಿಗೆ ಮನೆದೇವರ ಜಾತ್ರೆ. ಆ ದಿನಕ್ಕೇ ಸರಿಯಾಗಿ ಹೊರಗಾದರೆ ಹೊಸ ಸೊಸೆ ತೇರಿಗೆ ಕಾಯಿ ಒಡೆಸುವುದು ಹೇಗೆ? ಗಂಡ ಔಷಧದ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತಂದುಕೊಟ್ಟ. ಅಂಗಡಿಯವನು ಏನನ್ನೂ ಕೇಳಲಿಲ್ಲ. ಜಾತ್ರೆ ಮುಗಿಯಿತು, ಮಾತ್ರೆ ನಿಂತಿತು, ಮುಟ್ಟು ಬರಲಿಲ್ಲ. ಮಾತ್ರೆಯ ಕಾವು ಇಳಿದ ಮೇಲೆ ಬರುತ್ತದೆಂದರು. ವಾಕರಿಕೆ ಬಂತು, ಜಾತ್ರೆಯ ಊಟದ ಪಿತ್ತವೆಂದರು. ನಾಲ್ಕನೆಯ ರಾತ್ರಿ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಇರಿದಂಥ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ. ಬಾಡಿಗೆಯ ವಾಹನದಲ್ಲಿ ರಾಯಚೂರಿಗೆ ತಂದರು. ಗರ್ಭ ನಿಂತದ್ದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಾಳದಲ್ಲಿ. ಅದು ಒಡೆದು ಹೊಟ್ಟೆಯಲ್ಲಿ ರಕ್ತ ತುಂಬಿತ್ತು.

ಸುದ್ದಿ ಕೇಳಿ ಆಸ್ಪತ್ರೆಗೆ ಹೋದವರಲ್ಲಿ ನಾನೂ ಒಬ್ಬಳು. ಶಸ್ತ್ರಕ್ರಿಯೆಗೆ ಮೊದಲು ಯುವವೈದ್ಯೆ ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: ಕೊನೆಯ ಮುಟ್ಟು ಯಾವಾಗ? ಗಂಡ ಒಂದು ತಾರೀಖು ಹೇಳಿದ. ಹುಡುಗಿ ಕ್ಷೀಣ ದನಿಯಲ್ಲಿ ಇನ್ನೊಂದು ಹೇಳಿದಳು. ಅತ್ತೆ ಮೂಲೆಯಲ್ಲಿ ನಿಂತು, “ಎಳ್ಳಮಾವಾಸಿ ಆದ ಮೂರ್ದಿನಕ್ಕರೀ, ಅದು ಖರೇ ಆಗಿದ್ದು. ಆಮ್ಯಾಗಿಂದು ಬರೇ ಕಲೆ,” ಎಂದಳು. ಮೂರು ಉತ್ತರಗಳಲ್ಲಿ ಸರಿಯಾದದ್ದು ಆ ಓದು ಬಾರದವಳದು. ಹುಡುಗಿ ಬದುಕಿದಳು, ಒಂದು ನಾಳ ಹೋಯಿತು.

ಆ ಅತ್ತೆಗೆ ತಾರೀಖು ತಿಳಿದದ್ದು ಹೇಗೆ? ಇದನ್ನು ನಾನು ಬಹಳ ದಿನ ಯೋಚಿಸಿದೆ. ಆ ಮನೆಯಲ್ಲಿ ಹೊರಗಾದವರು ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಾಟು ಇಟ್ಟುಕೊಂಡು ಕೂರುತ್ತಾರೆ. ಈ ಪದ್ಧತಿಯನ್ನು ನಾನು ಹುಡುಗಿಯಾಗಿದ್ದಾಗಿನಿಂದ ದ್ವೇಷಿಸಿದ್ದೇನೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ರಜಸ್ಸೂತಕವನ್ನೂ ಅಲ್ಲಗಳೆದರು. ಅವರ ಹೆಸರನ್ನು ದಿನವೂ ಹೇಳುವ ಮನೆಗಳಲ್ಲಿಯೇ ಇಂದು ಜಾತ್ರೆಗಾಗಿ ಮಾತ್ರೆ ನುಂಗಿಸುತ್ತಾರೆ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಆ ಕ್ರೂರ ಪದ್ಧತಿಯೇ ಮನೆಯ ಪಂಚಾಂಗವೂ ಆಗಿತ್ತು. ಮೂಲೆಯ ಚಾಪೆ ಹಾಸಿದ ದಿನ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗಳಿಗೆ ತಗುಲಿಸಿ ಅತ್ತೆ ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದಳು. ಕಾರಹುಣ್ಣಿಮೆಯ ಮರುದಿನ, ನಾಗರಪಂಚಮಿಗೆ ಮೂರು ದಿನ ಮೊದಲು, ಹೀಗೆ. ಚಂದ್ರಮಾನದ ತಿಂಗಳು ಇಪ್ಪತ್ತೊಂಬತ್ತೂವರೆ ದಿನದ್ದು. ಹೆಚ್ಚಿನ ಹೆಂಗಸರ ಚಕ್ರಕ್ಕೆ ಅದು ಸಮೀಪದ ಅಳತೆ. ಲೆಕ್ಕ ತಪ್ಪುತ್ತಿದ್ದುದು ಕಡಿಮೆ.

ರಾಯಚೂರು ಪಟ್ಟಣದ ಮನೆಗಳಲ್ಲಿ, ತಾಲೂಕಿನ ಊರುಗಳ ಅನೇಕ ಮನೆಗಳಲ್ಲಿ ಆ ಚಾಪೆ ಈಗ ಇಲ್ಲ. ಹೋದದ್ದು ಒಳ್ಳೆಯದಾಯಿತು. ಆದರೆ ಚಾಪೆಯೊಡನೆ ಲೆಕ್ಕವೂ ಹೋಯಿತು. ಅತ್ತೆಯ ಬಳಿಯಿಂದ ಹೊರಟ ಲೆಕ್ಕ ಸೊಸೆಯ ಬಳಿಗೆ ಬಂದು ಸೇರಲಿಲ್ಲ. ದುಡಿಮೆಗೆಂದು ಬೆಂಗಳೂರಿಗೆ ಹೋಗಿ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ನಮ್ಮ ಹೆಣ್ಣುಮಕ್ಕಳಲ್ಲಿ ಅತ್ತೆಯೂ ಜೊತೆಗಿಲ್ಲ, ಅಮಾವಾಸ್ಯೆಯ ನೆನಪೂ ಇಲ್ಲ. “ಹೋದ ತಿಂಗಳಾನೋ ಅದರ ಹಿಂದಿನ ತಿಂಗಳಾನೋ” ಎಂಬುದೇ ಅವರ ಉತ್ತರ.

ತಾರೀಖಿಗೆ ಇಷ್ಟು ಬೆಲೆ ಏಕೆಂದು ಕೇಳಬಹುದು. ಗರ್ಭದ ಎಲ್ಲ ಗಣಿತವೂ ಅಲ್ಲಿಂದಲೇ ಹೊರಡುತ್ತದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ದಿನವನ್ನು ಹೇಳುವ ಕ್ರಮ ಜರ್ಮನಿಯ ವೈದ್ಯ ನೇಗೆಲೆಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಬರೆಯುವ ದಿನವೂ ಅದೇ. ಅದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಶಿಶುವಿನ ಮಿದುಳು ಬೆನ್ನುಹುರಿಗಳಾಗಿ ಬೆಳೆಯುವ ನಾಳ, ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಎಂದರೆ ದಿನ ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಅದು ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಮ್ಲದ ಮಾತ್ರೆ ಗರ್ಭಕ್ಕೆ ಮೊದಲೇ ತೊಡಗಿದ್ದರೆ ಉತ್ತಮ. ಎರಡನೆಯ ತಿಂಗಳು ನಿಂತ ಮೇಲೆ ನೋಡೋಣವೆನ್ನುವ ನಮ್ಮ ಮನೆಗಳ ಸಾವಧಾನ ಅಲ್ಲಿ ತಡವಾದ ಸಾವಧಾನ. ಬಸುರು ಬೇಡವಾದವಳಿಗೂ ಕಾಲವೇ ಮುಖ್ಯ: 1971ರ ಕಾನೂನು, 2021ರ ತಿದ್ದುಪಡಿಯ ಬಳಿಕ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಎಡೆ ಕೊಡುತ್ತದೆ. ಅದು ತಿಳಿಯದೆ, ಮುಟ್ಟು ಬರಿಸುತ್ತವೆಂಬ ಮಾತ್ರೆಗಳನ್ನು ಕದ್ದು ನುಂಗುವವರ ಪಾಡು ಹೇಳತೀರದು.

ದಿನ ತಪ್ಪಿದ ಮಾತ್ರಕ್ಕೆ ಬಸುರೆಂದೂ ಅಲ್ಲ. ಥೈರಾಯ್ಡಿನ ದೋಷ, ಅಂಡಾಶಯದ ತೊಂದರೆ, ಊಟದ ಕೊರತೆ, ಚಿಂತೆ, ಎಳೆಯ ವಯಸ್ಸು, ಯಾವುದರಿಂದಲೂ ಮುಟ್ಟು ಹಿಂದುಮುಂದಾಗುತ್ತದೆ. ಮೊಲೆಯೂಡುವ ತಾಯಿಗೆ ಮುಟ್ಟು ಮರಳುವ ಮೊದಲೇ ಮತ್ತೆ ಗರ್ಭ ನಿಲ್ಲಬಲ್ಲದು. ಸಂದೇಹವನ್ನು ಕಳೆಯಬಲ್ಲದು ಮೂತ್ರದ ಪರೀಕ್ಷೆ.

ಆ ಪರೀಕ್ಷೆಯ ಚರಿತ್ರೆಯೇ ಒಂದು ಕಥೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜಾಂಡೆಕ್ ಎಂಬ ವಿಜ್ಞಾನಿಗಳು ಹೆಂಗಸಿನ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಅವುಗಳ ಅಂಡಾಶಯವನ್ನು ಕೊಯ್ದು ನೋಡಿ ಬಸುರನ್ನು ಹೇಳುತ್ತಿದ್ದರು. ಆಮೇಲೆ ಮೊಲಗಳು ಬಂದವು, ಆಫ್ರಿಕದ ಕಪ್ಪೆಗಳು ಬಂದವು. 1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್‌ಜೆಲ್ ಪ್ರಾಣಿಯ ಹಂಗಿಲ್ಲದ ವಿಧಾನವನ್ನು ಪ್ರಕಟಿಸಿದರು. 1967ರಲ್ಲಿ ಅಮೆರಿಕದ ಮಾರ್ಗರೆಟ್ ಕ್ರೇನ್ ಎಂಬಾಕೆ ಔಷಧ ಕಂಪೆನಿಯೊಂದರಲ್ಲಿ ಚಿತ್ರವಿನ್ಯಾಸದ ಕೆಲಸಕ್ಕಿದ್ದಳು, ವಿಜ್ಞಾನಿಯಲ್ಲ. ಪ್ರಯೋಗಾಲಯದಲ್ಲಿ ಸಾಲಾಗಿ ತೂಗಿಬಿಟ್ಟಿದ್ದ ಗಾಜಿನ ನಳಿಕೆಗಳನ್ನು ಕಂಡು, ಇಷ್ಟನ್ನು ಹೆಂಗಸೇ ಮನೆಯಲ್ಲಿ ಮಾಡಿಕೊಳ್ಳಬಾರದೇಕೆಂದು ಅವಳಿಗೆ ಅನಿಸಿತು. ಕಂಪೆನಿಯ ಹಿರಿಯರು ಮೊದಲು ಒಪ್ಪಲಿಲ್ಲ. ತನ್ನ ದೇಹದ ಸುದ್ದಿ ಹೆಂಗಸಿಗೇ ಮೊದಲು ತಿಳಿಯುವುದು ಅಲ್ಲಿಯೂ ಗಂಡಸರಿಗೆ ಇರುಸುಮುರುಸಾಗಿತ್ತೆಂದು ಓದಿದಾಗ ನನಗೆ ನಗು ಬಂದಿತು. ರಾಯಚೂರಿಗೂ ಅಮೆರಿಕಕ್ಕೂ ಆ ವಿಷಯದಲ್ಲಿ ದೂರವೇನಿಲ್ಲ.

ಇಂದು ಆ ಪರೀಕ್ಷೆ ಬೆರಳಗಲದ ಪಟ್ಟಿಯಾಗಿ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯರ ಕೈಯಲ್ಲಿ ‘ನಿಶ್ಚಯ್’ ಎಂಬ ಹೆಸರಿನಿಂದ ಸರಕಾರವೇ ಅದನ್ನು ಕೊಟ್ಟಿತು. ದಿನ ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಿಂದ, ಪೊಟ್ಟಣದ ಮೇಲೆ ಹೇಳಿದಷ್ಟೇ ಹೊತ್ತು ಕಾದು ನೋಡಬೇಕು. ಎರಡು ಗೆರೆ ಮೂಡಿದರೆ, ಎರಡನೆಯದು ಮಸುಕಾಗಿದ್ದರೂ, ಬಸುರೆಂದೇ ತಿಳಿದು ವೈದ್ಯರಲ್ಲಿಗೆ ಹೋಗಬೇಕು. ಒಂದೇ ಗೆರೆ ಬಂದು ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು. ಮುಟ್ಟಿನ ದಿನಕ್ಕೆ ಮೊದಲೇ ಅವಸರಪಟ್ಟರೆ ಎಚ್‌ಸಿಜಿ ಇನ್ನೂ ಸಾಕಷ್ಟು ಏರಿರುವುದಿಲ್ಲವಾಗಿ ಪಟ್ಟಿ ಸುಳ್ಳು ಹೇಳುವ ಸಂಭವವಿದೆ. ಕಿಬ್ಬೊಟ್ಟೆಯ ಒಂದು ಬದಿಯ ಬಲವಾದ ನೋವು, ಹೆಗಲ ತುದಿಯ ನೋವು, ತಲೆಸುತ್ತಿ ಬೀಳುವುದು, ಧಾರಾಳ ರಕ್ತಸ್ರಾವ, ಇವು ಕಂಡರೆ ಪಟ್ಟಿಯನ್ನೂ ಕಾಯದೆ, ಹಿರಿಯರನ್ನೂ ಕೇಳದೆ ಆಸ್ಪತ್ರೆಗೆ ಓಡಬೇಕು.

ಅಡ್ಡಿಯಾಗಿರುವುದು ಪಟ್ಟಿಯ ಅಭಾವವಲ್ಲ, ಅದನ್ನು ಕೇಳುವ ಬಾಯಿ. ಹಳ್ಳಿಯಲ್ಲಿ ಆಶಾ ಎಂದರೆ ಪಕ್ಕದ ಓಣಿಯವಳು, ಅನೇಕ ವೇಳೆ ಅತ್ತೆಯ ಗೆಳತಿ. ಅವಳನ್ನು ಕೇಳಿದರೆ ಸಂಜೆಗೆ ಊರಿಗೆಲ್ಲ ಗೊತ್ತು. ಪಟ್ಟಣದ ಅಂಗಡಿಯಲ್ಲಿ ನಾಲ್ಕು ಗಂಡಸರ ನಡುವೆ ನಿಂತು ಕೇಳುವ ಧೈರ್ಯ ನನ್ನ ವಯಸ್ಸಿನವರಿಗೂ ಸುಲಭವಲ್ಲ. ಆದ್ದರಿಂದ ಬೇಕಾದಾಗ ಕೇಳಿ ಪಡೆಯುವ ಪದ್ಧತಿಯನ್ನೇ ಕೈಬಿಡಬೇಕೆಂದು ನನ್ನ ಅಭಿಪ್ರಾಯ. ಹೊಸದಾಗಿ ಮದುವೆಯಾಗಿ ಬಂದ ಪ್ರತಿಯೊಬ್ಬಳಿಗೂ ಕೇಳದೆಯೇ ಎರಡು ಪಟ್ಟಿ, ಒಂದಿಷ್ಟು ಫೋಲಿಕ್ ಮಾತ್ರೆ ಮೊದಲೇ ಮನೆಗೆ ಬರಲಿ. ಬಾಗಿನ ಕೊಟ್ಟಷ್ಟು ಸಹಜವಾಗಿ ಬರಲಿ. ಎಲ್ಲರಿಗೂ ಬಂದದ್ದರಲ್ಲಿ ಯಾರ ಗುಟ್ಟೂ ಇರುವುದಿಲ್ಲ. ಮುಟ್ಟು ಮುಂದೂಡುವ ಮಾತ್ರೆ ಮಾರುವವನು ವೈದ್ಯರ ಚೀಟಿ ಕೇಳಲಿ.

ಇನ್ನು ನಮ್ಮ ಶಾಲೆ ಕಾಲೇಜುಗಳು. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಅದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ದಾಟಿಸುವ ಅಧ್ಯಾಪಕರನ್ನು ಬಯ್ಯುವುದು ಸುಲಭ. ನಾನು ಮಾಡಿದ್ದೇನು? ಹಳಗನ್ನಡ ಕಾವ್ಯಗಳಲ್ಲಿ ಬಯಕೆಯ ವರ್ಣನೆ ಬಂದಾಗಲೆಲ್ಲ ಕೊನೆಯ ಬೆಂಚಿನ ಹುಡುಗರ ಕೆಮ್ಮಿಗೆ ಹೆದರಿ, ಅಲಂಕಾರದ ಹೆಸರು ಹೇಳಿ, ಪುಟ ತಿರುವಿದವಳು ನಾನು. ಮೂವತ್ತು ವರ್ಷ ಹೀಗೆ ತಿರುವಿದೆ. ಆ ಮಾನವಿಯ ಹುಡುಗಿಯೂ ಅಂಥ ಒಂದು ತರಗತಿಯಲ್ಲಿ ಕುಳಿತಿದ್ದಳು. ಅಂದು ಪುಸ್ತಕ ಮಡಚಿಟ್ಟು ಹತ್ತು ನಿಮಿಷ ಈ ಮಾತನ್ನಾಡಿದ್ದರೆ ಕೆಮ್ಮು ನಿಲ್ಲುತ್ತಿತ್ತೋ ಇಲ್ಲವೋ, ಅವಳು ತಾರೀಖು ಬರೆದಿಡುತ್ತಿದ್ದಳೋ ಏನೋ.

ಈಗ ಬರೆದಿಡುತ್ತಾಳೆ. ಕಳೆದ ಯುಗಾದಿಯ ಹೊತ್ತಿಗೆ ಮಾನವಿಗೆ ಹೋದಾಗ ಅವಳ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಗೀಟುಗಳ ನಡುವೆ ತಿಂಗಳಿಗೊಂದು ಕೆಂಪು ಚುಕ್ಕೆ. ಗಂಡ ಅದನ್ನು ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವೆಂದು ತಿಳಿದಿದ್ದನಂತೆ.

“ಈಗ ಹೇಳೀನ್ರೀ ಮೇಡಂ,” ಎಂದಳು. “ಹೋದ ತಿಂಗಳು ನಾ ಮರೆತಿದ್ದೆ. ಅವರೇ ಪೆನ್ನು ತಗೊಂಡು ಬಂದ್ರು.”

ಮಾರ್ಚಿ ತಿಂಗಳ ಚುಕ್ಕೆ ಉಳಿದವುಗಳಿಗಿಂತ ದೊಡ್ಡದಾಗಿತ್ತು, ಸ್ವಲ್ಪ ಸೊಟ್ಟಗೂ ಇತ್ತು.